ಅಮಾವಾಸ್ಯೆ ರಾತ್ರಿ, ಎರಡು ಬಾಲದ ನಾಯಿ

30 ನವೆಂಬರ್ 2024, ಶನಿವಾರ, ರಾತ್ರಿ 11:40
ತೀರ್ಥಹಳ್ಳಿ ಹತ್ರ, ಊರ್ಮನೆ

ಕತ್ತಲಲ್ಲೂ ಬಣ್ಣ ತೋರಿಸೋ ಕ್ಯಾಮೆರಾ ಒಂದು ಮಾಡ್ತಿದೀನಿ, ಅದನ್ನ ಟೆಸ್ಟ್ ಮಾಡೋಕೆ ಅಮಾವಾಸ್ಯೆ ನೋಡ್ಕೊಂಡೇ ಊರಿಗ್ ಬಂದಿದ್ದು. ಬೆಂಗಳೂರಲ್ಲಿ ಕತ್ತಲೆ ಅನ್ನೋದೇ ಇಲ್ವಲ್ಲ, ಟೆರೇಸ್ ಮೇಲೆ ಟೆಸ್ಟ್ ಮಾಡಿದ್ರೆ ಎಲ್ಲಾ ಕ್ಯಾಮೆರಾನೂ ಪಾಸು. "ಇವತ್ತೊಂದಿನ ತೋಟಕ್ಕೆ ಹೋಗ್ಬೇಡ್ವೋ" ಅಂತ ಅಮ್ಮ ಗೊಣಗ್ತಾನೇ ಇದ್ಲು, ಸರಿ ಅಂತ ಅಂಗಳದಲ್ಲೇ ಸ್ಟ್ಯಾಂಡ್ ಹಾಕ್ದೆ. ಬೆಳಕು ಅಂದ್ರೆ ದೇವ್ರ ಕೋಣೆ ಕಿಟಕಿಯಿಂದ ಬರೋ ಝೀರೋ ಬಲ್ಬಿಂದು ಅಷ್ಟೇ.

ಸಾಮಾನು ಜಾಸ್ತಿ ಏನಿಲ್ಲ, ಬೆಳಕು ಹಿಡಿಯೋ ಚಿಪ್ಪು ಸೋನಿ ಐಎಂಎಕ್ಸ್462 ಸೆನ್ಸರ್, ರಾಸ್‌ಬೆರಿ ಪೈ ಅನ್ನೋ ಪುಟಾಣಿ ಕಂಪ್ಯೂಟರು, ಪವರ್ ಬ್ಯಾಂಕು, ಚಿಕ್ಕ ಸ್ಕ್ರೀನು. ಮಿಲಿಟರಿಯವ್ರ ಹಳೇ ನೈಟ್ ವಿಷನ್‌ನಲ್ಲಿ ಎಲ್ಲಾ ಹಸಿರಾಗಿ ಕಾಣೋದು ಅದ್ರೊಳಗಿನ ಟ್ಯೂಬಿನ ಕೊನೇಲಿರೋ, ಎಲೆಕ್ಟ್ರಾನ್ ಬಿದ್ರೆ ಬೆಳಗೋ ಫಾಸ್ಫರ್ ಪರದೆ ಹಸಿರಾಗಿ ಹೊಳೆಯೋದ್ರಿಂದ, ಬೆಳಕು ಒಳಗೆ ಎಲೆಕ್ಟ್ರಾನ್ ಆದ ಕ್ಷಣಕ್ಕೇ ಅದರ ಬಣ್ಣದ ಜಾತಕ ಹೋಯ್ತು. ನನ್ನದ್ರಲ್ಲಿ ಬಣ್ಣ ಇದೆ, ಜೊತೆಗೆ ನಾಯ್ಸೂ ಇದೆ, ಅಂದ್ರೆ ಬೇಡದ ಚುಕ್ಕೆಗಳು, ಒಂದೊಂದೇ ಫ್ರೇಮ್ ನೋಡಿದ್ರೆ ರವೆ ಚೆಲ್ಲಿದಂಗೆ.

16 ಫ್ರೇಮ್ ಸೇರ್ಸಿ ಸರಾಸರಿ ತಗೊಂಡ್ರೆ ನಾಯ್ಸ್ ಕಾಲು ಭಾಗಕ್ಕಿಳಿಯತ್ತೆ. ಬಾವಿಕಟ್ಟೆ, ಅಡಿಕೆ ಮರ ಎಲ್ಲಾ ನೀಟಾಗಿ ಬಂತು, ಕಾಫಿ ಕೇಳೋಣ ಅನ್ನೋಷ್ಟ್ರಲ್ಲಿ ನಮ್ಮ ಕರಿಯ ಅಡ್ಡ ಓಡ್ದ ನೋಡಿ, ಸ್ಕ್ರೀನಲ್ಲಿ ನಾಯಿಗೆ ಎರಡು ಬಾಲ! ಸೆಕೆಂಡಿಗೆ 30 ಫ್ರೇಮು, 16 ಅಂದ್ರೆ ಅರ್ಧ ಸೆಕೆಂಡು, ಅಷ್ಟರಲ್ಲಿ ಅವ್ನು ಕೊಟ್ಟಿಗೆ ಹತ್ರ. ಹಾಗಾಗಿ ಅಲ್ಲಾಡಿದ ಕಡೆ ಹೊಸ ಫ್ರೇಮು, ನಿಂತ ಕಡೆ ಸರಾಸರಿ ಅಂತ ಕೋಡ್ ಬದಲಿಸ್ದೆ. ಆದ್ರೆ ನಾಯ್ಸಿಂದ ಎಲ್ಲಾ ಪಿಕ್ಸೆಲ್ಲೂ ಅಲ್ಲಾಡಿದಂಗೇ ಕಾಣತ್ತೆ, ಅದಕ್ಕೆ ಮೊದ್ಲು ಹೊಸ ಫ್ರೇಮು, ಸರಾಸರಿ ಎರಡೂ ಚಿತ್ರ ಮಸುಕು ಮಾಡಿ ಹೋಲಿಸ್ಬೇಕು, ಇದೆಲ್ಲ ಒಂದು ಫ್ರೇಮಿನ ಟೈಮು, ಅಂದ್ರೆ 33 ಮಿಲಿಸೆಕೆಂಡ್ ಒಳಗೆ ಮುಗೀಬೇಕು, ಪೈ ಬಿಸಿಯಾಗಿ ದೋಸೆ ಹುಯ್ಯೋ ಹಾಗಾಗಿತ್ತು. ಕರಿಯ ಈಗ ರವೆ ರವೆಯಾಗಿ ಓಡ್ತಾನೆ, ಬಾಲ ಒಂದೇ.

ಆಮೇಲೆ ದುರಾಸೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನ ತಡೆಯೋ ಫಿಲ್ಟರ್ ತೆಗೆದೆ, ಅದೂ ಸೆನ್ಸರ್‌ಗೆ ಸಿಗ್ಲಿ ಅಂತ. ಝೀರೋ ಬಲ್ಬು ಹಳೇ ತಂತಿದು, ಅದು ಕೊಡೋದ್ರಲ್ಲಿ ಇನ್‌ಫ್ರಾರೆಡ್ಡೇ ಜಾಸ್ತಿ, ಅಂಗಳ ಜಗ್ಗನೆ ಬೆಳಗ್ತು. ಆದ್ರೆ ಎಲೆಗಳು ಇನ್‌ಫ್ರಾರೆಡ್ಡನ್ನ ಜೋರಾಗಿ ವಾಪಸ್ ಕಳಿಸ್ತವೆ, ತುಳಸಿ ಗಿಡ ಪೂರ್ತಿ ಗುಲಾಬಿ. ಹಗಲಲ್ಲಿ ತೆಗೆದ ಫೋಟೋ ಇಟ್ಕೊಂಡು ಯಾವ ಬಣ್ಣ ಬಂದ್ರೆ ಯಾವ ಬಣ್ಣ ತೋರಿಸ್ಬೇಕು ಅಂತ ಒಂದು ಟೇಬಲ್ ಮಾಡ್ಕೊಂಡಿದ್ದೆ, ಅದನ್ನ ಹಾಕಿದ್ದೇ ತುಳಸಿ ಹಸಿರಾಯ್ತು, ಹಗಲೇ ಅನ್ನೋ ಥರ.

ಅಮ್ಮನ್ನ ಕರೆದು ತೋರಿಸ್ದೆ. ಒಂದ್ ನಿಮಿಷ ನೋಡಿ, "ತಂತಿ ಮೇಲಿರೋದು ನನ್ನ ನೀಲಿ ಸೀರೆ ಕಣೋ, ಹಸಿರು ಯಾಕಾಯ್ತು?" ಅಂದ್ಲು.

ಸೀರೆ ಬಣ್ಣಾನೂ ಎಲೆ ಥರಾನೇ ಇನ್‌ಫ್ರಾರೆಡ್ ವಾಪಸ್ ಕಳಿಸ್ತಿದೆ, ಟೇಬಲ್ಲು ಅದನ್ನ ಎಲೆ ಅಂದ್ಕೊಂಡು ಬಳಿದಿದೆ.

ಫಿಲ್ಟರ್ ತಿರುಗಾ ಹಾಕ್ದೆ. ಅಂಗಳ ಕತ್ಲಾಯ್ತು, ಸೀರೆ ಮಸುಕು ಮಸುಕಾಗಿ ನೀಲಿ.