ತೋಟದಲ್ಲಿ ದುಡಿಯುವವರಿಗೆ ಮುಟ್ಟಿನ ಕಪ್ ಆಗುತ್ತದೆಯೇ?

ಸ್ತ್ರೀಶಕ್ತಿ ಸಂಘದ ಸಭೆಯಿರಲಿ, ಶಾಲೆಯಲ್ಲಿ ತಾಯಂದಿರನ್ನು ಕರೆದ ದಿನವಿರಲಿ, ಮೂಡಿಗೆರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಪರಿಚಯದವರಿರಲಿ, ಮುಟ್ಟಿನ ಕಪ್ ವಿಷಯ ಬಂದಾಗಲೆಲ್ಲ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯಲ್ಲಿ: “ಅದೆಲ್ಲ ಪೇಟೆಯವರಿಗೆ ಸರಿ ಮೇಡಂ, ದಿನವಿಡೀ ತೋಟ ಗದ್ದೆ ಅಂತ ಗೇಯೋರಿಗೆ ಆಗುತ್ತಾ?” ನಾನು ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ ಮತ್ತು ಹಲವು ವರ್ಷಗಳಿಂದ ಕಪ್ ಅನ್ನೇ ಬಳಸುತ್ತಿದ್ದೇನೆ. ಖಂಡಿತ ಆಗುತ್ತದೆ ಎಂಬುದೇ ನನ್ನ ಉತ್ತರ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗಿಂತ ತೋಟದಲ್ಲಿ ದುಡಿಯುವ ಹೆಂಗಸರಿಗೇ ಅದರ ಅಗತ್ಯ ಹೆಚ್ಚೆಂದು ನಾನು ನಂಬಿದ್ದೇನೆ. ಆದರೆ ಎಲ್ಲರಿಗೂ ಕಣ್ಣು ಮುಚ್ಚಿಕೊಂಡು ಹೇಳುವಂಥ ಮಾತಲ್ಲ ಇದು. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ವೈದ್ಯಕೀಯ ದರ್ಜೆಯ ಸಿಲಿಕೋನ್‌ನಿಂದ ಮಾಡಿದ, ಕೈಯಲ್ಲಿ ಹಿಸುಕಿದರೆ ಮಡಚಿಕೊಂಡು ಬಿಟ್ಟರೆ ತಾನಾಗಿ ಅರಳುವ ಗಂಟೆಯಾಕಾರದ ಪುಟ್ಟ ಬಟ್ಟಲು ಇದು. ಪ್ಯಾಡು, ಬಟ್ಟೆಗಳಂತೆ ಸ್ರಾವವನ್ನು ಹೀರಿಕೊಳ್ಳದೆ, ಯೋನಿಯ ಒಳಗೆ ಕೂತು ಅದನ್ನು ತುಂಬಿಟ್ಟುಕೊಳ್ಳುತ್ತದೆ. ಇದು ನಿನ್ನೆ ಮೊನ್ನೆ ಬಂದ ವಸ್ತುವೂ ಅಲ್ಲ. ಲಿಯೋನಾ ಚಾಮರ್ಸ್ ಎಂಬ ಅಮೆರಿಕದ ನಟಿ 1937ರಲ್ಲೇ ರಬ್ಬರಿನ ಕಪ್‌ಗೆ ಪೇಟೆಂಟ್ ಪಡೆದಿದ್ದರು.

ಈಗ ನಮ್ಮ ಕಡೆಯ ದಿನಚರಿಯನ್ನು ನೋಡೋಣ. ಕಾಫಿ ಕುಯ್ಲಿನ ಕಾಲದಲ್ಲಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮನೆ ಬಿಟ್ಟ ಹೆಂಗಸು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದಿಂದ ಗಿಡಕ್ಕೆ, ಏರಿನಿಂದ ತಗ್ಗಿಗೆ ಓಡಾಡಿ, ಹಣ್ಣು ತೂಕಕ್ಕೆ ಹಾಕಿ ಮನೆಗೆ ಮರಳುವುದು ಸಂಜೆಗೆ. ಈ ನಡುವೆ ಪ್ಯಾಡು ಬದಲಾಯಿಸಲು ಬಾಗಿಲಿರುವ ಜಾಗ ಎಲ್ಲಿದೆ? 1951ರ ತೋಟ ಕಾರ್ಮಿಕರ ಕಾಯ್ದೆಯೇ ತೋಟಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದು ಹೇಳಿತ್ತು. ಆದರೆ ಕಾರ್ಮಿಕರು ವಾಸಿಸುವ ಸಾಲು ಮನೆಗಳ, ಅಂದರೆ ಲೈನ್ ಮನೆಗಳ ಬಳಿ ಶೌಚಾಲಯ ಇದ್ದರೂ ಕುಯ್ಲು ನಡೆಯುವ ಜಾಗ ಅಲ್ಲಿಂದ ಎಷ್ಟೋ ದೂರದಲ್ಲಿರುತ್ತದೆ, ಹೋಗಿ ಬರುವುದರೊಳಗೆ ಅರ್ಧ ಚೀಲ ಹಣ್ಣಿನ ಕೂಲಿ ತಪ್ಪುತ್ತದೆ. ಹಾಗಾಗಿ ಹೆಚ್ಚಿನವರು ಬೆಳಿಗ್ಗೆ ಇಟ್ಟುಕೊಂಡ ಪ್ಯಾಡಿನಲ್ಲೇ ಸಂಜೆಯವರೆಗೆ ಕಳೆಯುತ್ತಾರೆ. ತೊಡೆ ಸಂದು ಉಜ್ಜಿ ಹುಣ್ಣಾಗುವುದು, ಕಡಿತ, ವಾಸನೆಯ ಅಳುಕು, ಇವೆಲ್ಲ ತೋಟದ ಹೆಂಗಸರು ನನ್ನ ಬಳಿ ಹೇಳಿಕೊಂಡಿರುವ ಕಷ್ಟಗಳು. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕಾಗುತ್ತದೆಂದು ಆ ದಿನಗಳಲ್ಲಿ ನೀರನ್ನೇ ಕುಡಿಯದವರೂ ಇದ್ದಾರೆ.

ಕಪ್ ಅನ್ನು ಒಮ್ಮೆ ಇಟ್ಟುಕೊಂಡರೆ ಎಂಟು ಗಂಟೆ, ಸ್ರಾವ ಕಡಿಮೆಯಿದ್ದರೆ ಹನ್ನೆರಡು ಗಂಟೆಯವರೆಗೂ ತೆಗೆಯಬೇಕಾಗಿಲ್ಲ. ಬೆಳಿಗ್ಗೆ ಮನೆಯ ಬಚ್ಚಲಿನಲ್ಲಿ ಹಾಕಿಕೊಂಡದ್ದನ್ನು ಸಂಜೆ ಅದೇ ಬಚ್ಚಲಿನಲ್ಲಿ ತೆಗೆಯಬಹುದು, ತೋಟದಲ್ಲಿ ಅದನ್ನು ಮುಟ್ಟುವ ಪ್ರಮೇಯವೇ ಇಲ್ಲ. ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಶುದ್ಧ ನೀರಿಲ್ಲದ, ಸೋಪಿಲ್ಲದ, ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವೋ ಗೊಬ್ಬರವೋ ಕೈಗೆ ಅಂಟಿರುವ ಜಾಗದಲ್ಲಿ ಕಪ್ ತೆಗೆದು ಹಾಕುವುದು ಒಳ್ಳೆಯದಲ್ಲ, ಹೆಚ್ಚಿನವರಿಗೆ ಹಾಗೆ ಮಾಡಬೇಕಾಗಿಯೂ ಬರುವುದಿಲ್ಲ. ಮೊದಲೆರಡು ದಿನ ಸ್ರಾವ ಜಾಸ್ತಿ ಇರುವವರಿಗೆ ಮಾತ್ರ ಕಪ್ ನಾಲ್ಕೈದು ಗಂಟೆಯಲ್ಲೇ ತುಂಬಬಹುದು. ಅಂಥವರು ಕಪ್ ಜೊತೆಗೆ ಒಂದು ಬಟ್ಟೆಯನ್ನೂ ಇಟ್ಟುಕೊಂಡು ಹೋಗುವುದು ವಾಸಿ.

ಮಳೆಗಾಲದ ಮಾತೇ ಬೇರೆ. ನಾಟಿಯ ಸಮಯದಲ್ಲಿ ಮೊಣಕಾಲುದ್ದ ಕೆಸರು ನೀರಿನಲ್ಲಿ ನಿಂತು, ಬೆನ್ನಿಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಗ್ಗಿ ಸಸಿ ನೆಡುವವರ ಪ್ಯಾಡು ಒಳಗಿನಿಂದಲೂ ಹೊರಗಿನಿಂದಲೂ ತೋಯ್ದು ಮುದ್ದೆಯಾಗಿರುತ್ತದೆ. ಬಟ್ಟೆ ಬಳಸುವವರ ಪಾಡು ಇನ್ನೂ ಕಷ್ಟ. ಆಷಾಢದಲ್ಲಿ ನಮ್ಮ ಕಡೆ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಉಟ್ಟ ಸೀರೆಯೇ ಒಣಗದಿರುವಾಗ, ಮುಟ್ಟಿನ ಬಟ್ಟೆಯನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಲೊಲೆಯ ಹಿಂದಿನ ಹಗ್ಗದಲ್ಲಿ, ಅದರ ಮೇಲೆ ಇನ್ನೊಂದು ಲಂಗ ಮುಚ್ಚಿ ಹರಡುತ್ತಾರೆ. ಹೊಗೆ ಹಿಡಿದು, ಅರೆ ಒಣಗಿ, ಮುಗ್ಗಲು ವಾಸನೆ ಬರುವ ಆ ಬಟ್ಟೆಯನ್ನೇ ಮಾರನೆಯ ದಿನ ಮತ್ತೆ ಕಟ್ಟಿಕೊಳ್ಳಬೇಕು. ಚೆನ್ನಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಿದ ಹತ್ತಿ ಬಟ್ಟೆಯ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಆ ಬಿಸಿಲನ್ನು ತರುವುದೆಲ್ಲಿಂದ? ಕಪ್‌ಗೆ ಬಿಸಿಲು ಬೇಕಿಲ್ಲ, ತೊಳೆದು ಕೊಡವಿದರೆ ಸಾಕು. ಪ್ಯಾಡಿನ ವಿಲೇವಾರಿಯ ತೊಂದರೆಯೂ ಇರುವುದಿಲ್ಲ. ಪ್ಲಾಸ್ಟಿಕ್ ಪದರ ಮತ್ತು ನೀರು ಹೀರುವ ಪಾಲಿಮರ್ ಇರುವ ಪ್ಯಾಡುಗಳು ಇಲ್ಲಿ ಹಂಡೆಯ ಒಲೆಗೆ ಬೀಳುತ್ತವೆ ಅಥವಾ ತೋಟದ ಗುಂಡಿ ಸೇರಿ, ಅಲ್ಲಿಂದ ಮಳೆಗೆ ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ ಹೋಗುತ್ತವೆ. ಒಲೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಕುಡಿಯುವವರೂ ಅದೇ ಮನೆಯವರು.

ಹಾಕಿಕೊಳ್ಳುವುದು ಹೇಗೆಂಬುದನ್ನು ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆಮೇಲೆ ಒಬ್ಬೊಬ್ಬರೇ ಬಂದು ಕೇಳುತ್ತಾರೆ. ಕೈಯನ್ನು ಸೋಪು ಹಾಕಿ ತೊಳೆಯಿರಿ, ಉಗುರು ಚಿಕ್ಕದಾಗಿರಲಿ. ಕಪ್ ಅನ್ನು ನೀರಿನಲ್ಲಿ ಒದ್ದೆ ಮಾಡಿ, ಅದರ ಅಂಚಿನ ಒಂದು ಬದಿಯನ್ನು ತೋರುಬೆರಳಿನಿಂದ ಒಳಕ್ಕೆ ಅದುಮಿದರೆ ಬಾಯಿ ಕಿರಿದಾಗುತ್ತದೆ. ಕುಕ್ಕುರುಗಾಲಿನಲ್ಲಿ ಕೂತು, ಉಸಿರು ಬಿಟ್ಟು ಮೈ ಸಡಿಲಗೊಳಿಸಿ, ನೇರ ಮೇಲಕ್ಕಲ್ಲದೆ ಬೆನ್ನಿನ ಬುಡದ ಕಡೆಗೆ ಓರೆಯಾಗಿ ಒಳಗೆ ಸೇರಿಸಿ ಬೆರಳು ಬಿಟ್ಟರೆ ಅದು ಅರಳಿಕೊಳ್ಳುತ್ತದೆ. ನಂತರ ಕಪ್‌ನ ಬುಡದ ಸುತ್ತ ಬೆರಳಾಡಿಸಿ, ಎಲ್ಲಿಯೂ ತಗ್ಗಿಲ್ಲದೆ ದುಂಡಗಿದೆಯೇ ಎಂದು ನೋಡಿಕೊಳ್ಳಬೇಕು. ಸೋರಿತು ಎಂದು ದೂರುವವರಲ್ಲಿ ಬಹಳಷ್ಟು ಮಂದಿಗೆ ಕಪ್ ಪೂರ್ತಿ ಅರಳಿರುವುದಿಲ್ಲ. ತೆಗೆಯುವಾಗ ತುದಿಯ ಕಡ್ಡಿಯನ್ನು ಹಿಡಿದು ಎಳೆಯಲೇಬಾರದು. ಕೂತು, ಮಲವಿಸರ್ಜನೆಗೆ ಮುಕ್ಕುವಂತೆ ಮೆಲ್ಲಗೆ ಮುಕ್ಕಿದರೆ ಕಪ್ ಕೆಳಗೆ ಬರುತ್ತದೆ. ಬುಡವನ್ನು ಎರಡು ಬೆರಳುಗಳಿಂದ ಹಿಸುಕಿ ಒಳಗಿನ ಗಾಳಿಯ ಹಿಡಿತ ಬಿಡಿಸಿ, ಸ್ವಲ್ಪ ಓರೆ ಮಾಡಿ ಹೊರತೆಗೆಯಬೇಕು. ನೆಲದ ಮೇಲೆ ಕೂತೇ ಅಭ್ಯಾಸವಿರುವ ನಮ್ಮ ಹೆಂಗಸರಿಗೆ ಇದು ಬೇಗ ಒಗ್ಗುವುದನ್ನು ನಾನು ನೋಡಿದ್ದೇನೆ. ಹಾಗೆಂದು ಮೊದಲ ತಿಂಗಳೇ ಸಲೀಸಾಗುತ್ತದೆಂದು ಯಾರಿಗೂ ಮಾತು ಕೊಡುವುದಿಲ್ಲ. ಹಲವರಿಗೆ ಎರಡು ಮೂರು ಮುಟ್ಟು ಬೇಕಾಗುತ್ತದೆ, ಕೆಲವರಿಗೆ ಅದಕ್ಕಿಂತ ಹೆಚ್ಚು.

“ಒಳಗೇ ಹೋಗ್ಬುಟ್ರೆ ಏನ್ ಮಾಡೋದು?” ಎಂಬ ಭಯ ಎಲ್ಲರಿಗೂ ಇದೆ. ಹೋಗಲು ಅಲ್ಲಿ ದಾರಿಯಿಲ್ಲ. ಯೋನಿಯ ಮೇಲ್ತುದಿಯಲ್ಲಿ ಗರ್ಭಕೋಶದ ಬಾಯಿದೆ, ಅದರ ರಂಧ್ರ ತೀರಾ ಸಣ್ಣದು, ಅದರಲ್ಲಿ ಕಪ್ ತೂರಲು ಸಾಧ್ಯವೇ ಇಲ್ಲ. ಕೈಗೆ ಸಿಗದಷ್ಟು ಮೇಲಿದೆ ಎನಿಸಿದರೆ ಗಾಬರಿಪಡದೆ ಸ್ವಲ್ಪ ಹೊತ್ತು ಓಡಾಡಿ, ಮತ್ತೆ ಕೂತು ಮುಕ್ಕಿದರೆ ಕೆಳಗಿಳಿಯುತ್ತದೆ. ಕಪ್ ಇದ್ದಾಗ ಮೂತ್ರಕ್ಕೆ ಹೋಗಬಹುದೇ ಎಂದು ಮೂರು ಮಕ್ಕಳ ತಾಯಂದಿರೂ ನನ್ನನ್ನು ಕೇಳಿದ್ದಾರೆ. ಮೂತ್ರದ ದ್ವಾರ ಬೇರೆ, ಮುಟ್ಟಿನ ದ್ವಾರ ಬೇರೆ ಎಂಬುದನ್ನು ನಾವು ಯಾರಿಗೂ ಹೇಳಿಕೊಟ್ಟಿಲ್ಲ. ಅದು ಅವರ ತಪ್ಪಲ್ಲ, ಪಾಠ ಮಾಡುವಾಗ ಆ ಪುಟಗಳನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ದಾಟಿಸಿಬಿಡುವ ನಮ್ಮ ಶಾಲೆಗಳದ್ದು.

ಮದುವೆಯಾಗದ ಹುಡುಗಿಯರ ವಿಷಯಕ್ಕೆ ಬಂದರೆ ತಾಯಂದಿರು ದನಿ ತಗ್ಗಿಸುತ್ತಾರೆ. ಕನ್ಯಾಪೊರೆ ಎಂಬುದು ಯೋನಿಯನ್ನು ಮುಚ್ಚಿದ ಮುಚ್ಚಳವಲ್ಲ, ದ್ವಾರದ ಅಂಚಿನಲ್ಲಿರುವ, ಹಿಗ್ಗಬಲ್ಲ ಅಂಗಾಂಶ. ಪೂರ್ತಿ ಮುಚ್ಚಿದ್ದರೆ ಮುಟ್ಟಿನ ರಕ್ತವೇ ಹೊರಬರುತ್ತಿರಲಿಲ್ಲ. ಅದರ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ರೀತಿ, ಅದನ್ನು ನೋಡಿ ಯಾರ ಕನ್ಯತ್ವವನ್ನೂ ಹೇಳಲಾಗುವುದಿಲ್ಲ. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹುಡುಗಿಗೆ ಮನಸ್ಸಿದ್ದರೆ ಚಿಕ್ಕ ಅಳತೆಯ, ಮೆತ್ತನೆಯ ಕಪ್ ಬಳಸಬಹುದು. ಮನಸ್ಸಿಲ್ಲದಿದ್ದರೆ ಯಾರೂ ಒತ್ತಾಯಿಸಬಾರದು. ಅದು ಅವಳ ದೇಹ, ತೀರ್ಮಾನವೂ ಅವಳದೇ.

ಶುಚಿಯ ಕ್ರಮ ಸರಳವಾಗಿದೆ, ಆದರೆ ತಪ್ಪಿಸುವಂತಿಲ್ಲ. ಮುಟ್ಟು ಆರಂಭವಾಗುವ ಮೊದಲು ಮತ್ತು ಮುಗಿದ ಮೇಲೆ ಕಪ್ ಅನ್ನು ಮುಳುಗುವಷ್ಟು ನೀರಿನಲ್ಲಿ ಐದು ನಿಮಿಷ ಕುದಿಸಬೇಕು. ನೀರು ಬತ್ತಿದರೆ ತಳ ಹಿಡಿದು ಸುಟ್ಟುಹೋಗುವುದರಿಂದ ಒಲೆ ಬಿಟ್ಟು ಹೋಗಬಾರದು. ಅದಕ್ಕೆಂದೇ ಒಂದು ಹಳೆಯ ಸ್ಟೀಲ್ ಪಾತ್ರೆ ಎತ್ತಿಟ್ಟುಕೊಂಡರೆ ಅಡುಗೆಮನೆಯಲ್ಲಿ ಅತ್ತೆಯವರ ಜೊತೆ ಮಾತು ಬೆಳೆಯುವುದಿಲ್ಲ, ಹಂಡೆಯ ಒಲೆಯ ಕೆಂಡದ ಮೇಲೂ ಕುದಿಸಬಹುದು. ಮುಟ್ಟಿನ ದಿನಗಳಲ್ಲಿ ಪ್ರತಿ ಸಲ ಖಾಲಿ ಮಾಡಿದಾಗ ಕುಡಿಯಲು ಯೋಗ್ಯವಾದ ನೀರಿನಿಂದ ತೊಳೆದರೆ ಸಾಕು. ಡೆಟಾಲ್, ಫಿನಾಯಿಲ್, ಸುವಾಸನೆಯ ಸೋಪು ಯಾವುದೂ ಬೇಡ. ಮುಗಿದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡದೆ, ಗಾಳಿಯಾಡುವ ಹತ್ತಿ ಚೀಲದಲ್ಲಿಡಬೇಕು.

ಯಾರಿಗೆ ಬೇಡ ಎನ್ನುವುದನ್ನು ಹೇಳದೆ ಕಪ್ ಹಂಚುವವರ ಮೇಲೆ ನನಗೆ ಸಿಟ್ಟಿದೆ. ವಂಕಿ ಹಾಕಿಸಿಕೊಂಡವರು, ಅಂದರೆ ಕಾಪರ್ ಟಿ ಇರುವವರು, ವೈದ್ಯರನ್ನು ಕೇಳದೆ ಬಳಸಬಾರದು, ಏಕೆಂದರೆ ಕಪ್ ತೆಗೆಯುವಾಗ ವಂಕಿ ಜಾರಿ ಬಂದ ಪ್ರಕರಣಗಳಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯಾದ ಕೂಡಲೇ ವಂಕಿ ಹಾಕುವುದು ರೂಢಿಯಲ್ಲಿರುವುದರಿಂದ ಈ ಮಾತು ನಮ್ಮ ಹಳ್ಳಿಗಳಲ್ಲಿ ಬಹಳ ಮುಖ್ಯ. ಬಾಣಂತಿಯರು, ಸೋಂಕಿನಿಂದ ಬಿಳಿಸೆರಗು ಅಥವಾ ಉರಿ ಇರುವವರು ವಾಸಿಯಾಗುವವರೆಗೆ ಕಾಯಬೇಕು. ಹೊರೆ ಹೊತ್ತು ಹೊತ್ತು ಗರ್ಭಕೋಶ ಜಾರಿರುವ ಹೆಂಗಸರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ, ಅವರು ಮೊದಲು ಸ್ತ್ರೀರೋಗ ತಜ್ಞರ ಬಳಿ ಹೋಗಬೇಕಾದ್ದು ಕಪ್‌ಗಾಗಿ ಅಲ್ಲ, ಆ ತೊಂದರೆಯ ಚಿಕಿತ್ಸೆಗಾಗಿ. ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಬ್ಯಾಕ್ಟೀರಿಯಾ ಕಾಯಿಲೆ ಕಪ್ ಬಳಸುವವರಲ್ಲಿ ತೀರಾ ಅಪರೂಪ, ಆದರೂ ಕಪ್ ಇರುವಾಗ ಏಕಾಏಕಿ ಜೋರು ಜ್ವರ, ವಾಂತಿ, ಮೈಮೇಲೆ ಕೆಂಪು ಗಂದೆ, ತಲೆಸುತ್ತು ಕಾಣಿಸಿದರೆ ಅದನ್ನು ತೆಗೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು.

2019ರಲ್ಲಿ ದಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ವಿಮರ್ಶೆಯೊಂದು, ಸುಮಾರು 3,300 ಮಂದಿಯನ್ನು ಒಳಗೊಂಡ 43 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಕಪ್ ಸುರಕ್ಷಿತವೆಂದೂ ಸೋರುವಿಕೆ ಉಳಿದ ಸಾಧನಗಳಷ್ಟೇ ಅಥವಾ ಅವಕ್ಕಿಂತ ಕಡಿಮೆ ಎಂದೂ ತೀರ್ಮಾನಿಸಿತು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವ ಇನ್ನೊಂದು ಲಾಭವಿದೆ. ಕಪ್‌ನಲ್ಲಿ ರಕ್ತ ಎಷ್ಟು ಹೋಯಿತೆಂಬುದು ಕಣ್ಣಿಗೆ ಕಾಣುತ್ತದೆ, ಕೆಲವು ಕಪ್‌ಗಳಲ್ಲಿ ಅಳತೆಯ ಗೆರೆಗಳೂ ಇರುತ್ತವೆ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿಸ್ರಾವವೆಂದು ವೈದ್ಯರು ಪರಿಗಣಿಸುತ್ತಾರೆ. ಮಧ್ಯಮ ಗಾತ್ರದ ಕಪ್ ಸುಮಾರು 25 ಮಿಲಿಲೀಟರು ಹಿಡಿಯುತ್ತದೆ ಎಂದುಕೊಂಡರೆ, ಲೆಕ್ಕ ಓದಲು ಬಾರದವರೂ ಎಷ್ಟು ಸಲ ತುಂಬಿತೆಂದು ಬೆರಳೆಣಿಸಿ ತಿಳಿಯಬಹುದು. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆಯಿದೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. “ಎಲ್ಲರಿಗೂ ಹೋಗೋದೇ ಅಲ್ವಾ” ಎಂದು ಸುಮ್ಮನಿದ್ದವರು, ಅಳತೆ ಕಂಡ ಮೇಲೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡದ್ದುಂಟು.

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗೆ ಸಿಗುವ ಕಪ್, ಹರಿಯದೆ ಅಂಟಾಗದೆ ಇದ್ದರೆ ಐದರಿಂದ ಹತ್ತು ವರ್ಷ ಬಾಳುತ್ತದೆ. ಆದರೆ ಆ ನೂರುಗಳು ಒಟ್ಟಿಗೆ ಕೈಯಿಂದ ಹೋಗಬೇಕಲ್ಲ, ವಾರದ ಬಟವಾಡೆಯಲ್ಲಿ ಬದುಕುವವರಿಗೆ ಅದು ಸಣ್ಣ ಮಾತಲ್ಲ. ಕೇರಳದ ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ ಎಂಬ ಮೀನುಗಾರರ ಊರಿನಲ್ಲಿ ಕಪ್ ಹಂಚಿ, ಬಳಸುವುದನ್ನು ಹೇಳಿಕೊಟ್ಟು, 2022ರ ಜನವರಿಯಲ್ಲಿ ಅದನ್ನು ಪ್ಯಾಡುಮುಕ್ತ ಪಂಚಾಯಿತಿಯೆಂದು ಘೋಷಿಸಲಾಯಿತು. ನಮ್ಮ ರಾಜ್ಯ ಸರ್ಕಾರವೂ 2023ರಲ್ಲಿ, ಹುಡುಗಿಯರಿಗೆ ಉಚಿತವಾಗಿ ಪ್ಯಾಡು ಕೊಡುವ ಶುಚಿ ಯೋಜನೆಯಡಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಹುಡುಗಿಯರಿಗೆ ಪ್ರಾಯೋಗಿಕವಾಗಿ ಕಪ್ ಕೊಡಲು ಆರಂಭಿಸಿತು. ಹಾಸನ, ಚಿಕ್ಕಮಗಳೂರಿನ ತೋಟದ ಲೈನ್ ಮನೆಗಳಿಗೆ ಇಂಥದ್ದು ಬರುವುದಾದರೆ ಕಪ್ ಜೊತೆಗೆ ಮೂರು ತಿಂಗಳು ಬೆನ್ನಿಗೆ ನಿಲ್ಲುವ ಒಬ್ಬ ಆಶಾ ಕಾರ್ಯಕರ್ತೆ ಬೇಕು, ಒಳಗಿನಿಂದ ಚಿಲಕ ಹಾಕುವ ಬಾಗಿಲಿನ, ನಲ್ಲಿ ನೀರಿನ ಬಚ್ಚಲು ಬೇಕು. ಲೈನ್ ಮನೆಗಳಲ್ಲಿ ನಾಲ್ಕು ಸಂಸಾರಕ್ಕೆ ಒಂದು ಬಚ್ಚಲಿದ್ದು, ಹೊರಗೆ ಯಾರೋ ಕಾಯುತ್ತಿದ್ದರೆ, ನಿಧಾನವಾಗಿ ಕೂತು ಕಲಿಯುವುದಾದರೂ ಹೇಗೆ? ತೋಟದ ಯಜಮಾನರು ನನ್ನನ್ನು ಕೇಳಿದಾಗ ನಾನು ಮೊದಲು ಹೇಳುವುದು ಆ ಬಚ್ಚಲಿನ ವಿಷಯವನ್ನೇ.

ಬಚ್ಚಲು, ನೀರು, ಆರೋಗ್ಯ ಮೂರೂ ಸರಿಯಿದ್ದು ಶುರು ಮಾಡಬೇಕೆಂದಿರುವವರಿಗೆ ನಾನು ಹೇಳುವುದಿಷ್ಟು: ಕುಯ್ಲಿನ ನಡುವೆ ಬೇಡ. ರೊಬಸ್ಟಾ ಕಾಫಿಯ ಕುಯ್ಲು ಮುಗಿದು, ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಿದ್ದು, ಕೆಲಸದ ಒತ್ತಡ ಸ್ವಲ್ಪ ಸಡಿಲವಾಗುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ, ಮನೆಯಲ್ಲೇ ಇರುವ ದಿನ ನೋಡಿಕೊಂಡು, ಕೆಳಗೊಂದು ಬಟ್ಟೆ ಇಟ್ಟುಕೊಂಡು ಕಲಿಯಲು ಆರಂಭಿಸಿ. ಆಗ ಜೂನ್‌ನಲ್ಲಿ ಮಳೆ ಹಿಡಿದು ಗದ್ದೆಗೆ ಇಳಿಯುವ ಹೊತ್ತಿಗೆ ಕೈ ಪಳಗಿರುತ್ತದೆ.