ಬರೆ ಕಡಿದು ಕಟ್ಟಿದ ಮನೆ

ಕೊಡಗಿನಲ್ಲಿ ಮನೆ ಕೊಳ್ಳುವವರು ದಯವಿಟ್ಟು ಜುಲೈನಲ್ಲಿ ಹೋಗಿ ನೋಡಿ. ಮಾರ್ಚ್‌ನಲ್ಲಿ ಅಲ್ಲಿನ ಎಲ್ಲ ಮನೆಗಳೂ ಚಂದವೇ.

ನನ್ನ ತಮ್ಮ ಮಡಿಕೇರಿಯಲ್ಲಿ ಒಂದು ಮನೆ ನೋಡಿ ಮನಸ್ಸು ಮಾಡಿದ್ದ. ಕಡಿದಾದ ಇಳಿಜಾರು, ಎಂಟು ಸೆಂಟು ಜಾಗ, ಬಾಲ್ಕನಿಯಲ್ಲಿ ನಿಂತರೆ ಪೂರ್ತಿ ಬೆಟ್ಟಸಾಲು. "ಅಕ್ಕಾ, ಅಡ್ವಾನ್ಸ್ ಕೊಟ್ಟುಬಿಡ್ಲಾ?" ಎಂದು ಕೇಳಿದ. ಮಳೆ ಹಿಡಿಯುವ ತನಕ ಕಾಯೋ ಎಂದೆ. ನಾನು ಹುಟ್ಟಿ ಬೆಳೆದ ಊರು ಅದು. 2018ರ ಆಗಸ್ಟ್ ಮರೆಯಲು ನನ್ನಿಂದ ಆಗುವುದಿಲ್ಲ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳೇ ಇಳಿದುಬಂದವು. ಪೇಟೆಯೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲೂ ಮನೆಗಳು ಹೋದವು. ರಸ್ತೆ, ಮನೆ, ಹೋಂಸ್ಟೇ ಎಂದು ಗುಡ್ಡದ ಬುಡ ಕಡಿದದ್ದು, ನೀರಿನ ದಾರಿ ಮುಚ್ಚಿದ್ದು ದೊಡ್ಡ ಕಾರಣ ಎಂದು ಭೂವಿಜ್ಞಾನಿಗಳು ಆಗಲೇ ಹೇಳಿದರು.

ಜುಲೈನಲ್ಲಿ ಇಬ್ಬರೂ ಹೋದೆವು. ಮನೆಯ ಹಿಂದಿನ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ, ಎರಡಾಳು ಎತ್ತರ, ಮನೆಯ ಗೋಡೆಗೂ ಅದಕ್ಕೂ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ತಡೆಗೋಡೆ ನೋಡಲು ಗಟ್ಟಿಯಾಗಿತ್ತು, ನೀರು ಹೋಗಲು ತೂತುಗಳೂ ಇದ್ದವು. ಆದರೆ ಅಷ್ಟು ಮಳೆಯಲ್ಲೂ ಆ ತೂತುಗಳಿಂದ ಒಂದು ಹನಿ ಬರುತ್ತಿರಲಿಲ್ಲ. ಗೋಡೆಯ ಬುಡದಿಂದ ಕೆಂಪು ನೀರು ಒಸರುತ್ತಿತ್ತು. ನನಗೆ ಅಲ್ಲೇ ಎದೆ ಧಸಕ್ಕೆಂದಿತು. ತೂತು ಕಟ್ಟಿಕೊಂಡರೆ ನೀರು ಗೋಡೆಯ ಹಿಂದೆಯೇ ನಿಂತು ಒತ್ತುತ್ತದೆ. ಕೆಂಪಗೆ ಬರುತ್ತಿದೆ ಎಂದರೆ ಒಳಗಿನ ಮಣ್ಣು ನೀರಿನ ಜೊತೆ ಹೊರಡುತ್ತಿದೆ ಎಂದೇ ಅರ್ಥ. ಬ್ರೋಕರ್ ಗೋಡೆಯ ದಪ್ಪವನ್ನೇ ಹೇಳುತ್ತಿದ್ದರು.

ಮನೆಯ ಮುಂಭಾಗದ ಕಥೆ ಬೇರೆ. ಹಿಂದೆ ಕಡಿದ ಮಣ್ಣನ್ನೇ ಮುಂದೆ ಸುರಿದು ಮಟ್ಟ ಮಾಡಿದ್ದಾರೆ. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ. ತುಂಬಿದ ಮಣ್ಣು ವರ್ಷ ವರ್ಷ ಕೂರುತ್ತದೆ, ಗಟ್ಟಿ ನೆಲ ಕೂರುವುದಿಲ್ಲ. ಅದಕ್ಕೇ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತ್ತು. ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೂ ಮತ್ತೆ ಬಾಯಿ ಬಿಟ್ಟಿತ್ತು. ಟಾಯ್ಲೆಟ್ ಗುಂಡಿಯೂ ಅದೇ ತುಂಬಿದ ಮಣ್ಣಿನಲ್ಲಿ, ಅದರ ನೀರೂ ಅಲ್ಲಿಗೇ ಇಂಗುತ್ತದೆ.

ಕೆಳಗಿನ ಮನೆಯವರನ್ನು ಮಾತಾಡಿಸದೆ ಬರಬೇಡಿ. ಮೇಲಿನವರ ನೀರೆಲ್ಲ ಇಳಿಯುವುದು ಅವರಲ್ಲಿಗೇ ಅಲ್ವಾ? ಅಲ್ಲಿನ ಅಜ್ಜಿ ನಮಗೆ ಕಾಫಿ ಕೊಟ್ಟು ಹೇಳಿದರು: "ಜೋರು ಮಳೆ ಹಿಡಿದರೆ ನಮ್ಮ ಅಡುಗೆಮನೆ ನೆಲದಲ್ಲಿ ಜಲ ಏಳ್ತದೆ ಮಗಾ. ಆ ಮನೆ ಕಟ್ಟುವ ಮೊದಲು ಅಲ್ಲೊಂದು ಕೊಲ್ಲಿ ಇತ್ತು." ಕೊಲ್ಲಿ ಎಂದರೆ ನಮ್ಮ ಕಡೆ ಗುಡ್ಡದಿಂದ ನೀರು ಇಳಿಯುವ ಹಳ್ಳ. ಕಾಗದಪತ್ರದಲ್ಲಿ ಭೂಪರಿವರ್ತನೆ ಸರಿಯಾಗಿಯೇ ಇತ್ತು, ಕೊಲ್ಲಿಯ ಸುದ್ದಿ ಮಾತ್ರ ಎಲ್ಲೂ ಇಲ್ಲ.

ಭೂಕುಸಿತದ ಅಪಾಯ ತೋರಿಸುವ ನಕ್ಷೆಯನ್ನು ಕೇಂದ್ರ ಸರ್ಕಾರದ ಭೂಕೋಶ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಊರಿನ ಗುಣ ತಿಳಿಯುತ್ತದೆ, ನಿಮ್ಮ ಸೈಟಿನದು ತಿಳಿಯುವುದಿಲ್ಲ. ವಿಮೆ ಇದೆಯಲ್ಲ ಎಂದು ತಮ್ಮ ಹೇಳಿದ. 2021ರಿಂದ ಎಲ್ಲ ಕಂಪನಿಗಳೂ ಕೊಡುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಭೂಕುಸಿತ ಸೇರಿದೆ, ನಿಜ. ಆದರೆ ತುಂಬಿದ ಮಣ್ಣು ಕುಸಿದರೆ, ಕಟ್ಟುವಾಗಲೇ ದೋಷವಿದ್ದರೆ ಹಣವಿಲ್ಲ ಎಂದೂ ಅದರಲ್ಲೇ ಬರೆದಿದೆ. ಆ ಮನೆಗೆ ಎರಡೂ ಅನ್ವಯಿಸುತ್ತಿತ್ತು.

ಇಳಿಜಾರಿನ ಮನೆಯೇ ಬೇಡ ಎಂದು ನಾನು ಹೇಳುವುದಿಲ್ಲ. ಸಪಾಟು ಜಾಗವೆಂದು ಕುಶಾಲನಗರಕ್ಕೆ ಹೋದವರ ಮನೆಗಳಿಗೆ ಕಾವೇರಿ ನುಗ್ಗಿದ್ದನ್ನೂ ನೋಡಿದ್ದೇನೆ. ಕೊಡವರ ಹಳೇ ಕುಟುಂಬದ ಮನೆಗಳಾದ ಐನ್‌ಮನೆಗಳೂ ಗದ್ದೆಯ ಮೇಲಿನ ಏರಿನಲ್ಲೇ ನಿಂತಿವೆ. ಈಗ ತಮ್ಮ ಇನ್ನೊಂದು ಮನೆ ನೋಡಿದ್ದಾನೆ. ಹಳೇ ಹೆಂಚಿನ ಮನೆ, ಬರೆ ದೂರವಿದೆ, ಮೇಲಿನ ತೋಟದ ನೀರು ಪಕ್ಕದ ತೋಡಿಗೆ ಹೋಗುತ್ತದೆ. ಮಣ್ಣು ಪರೀಕ್ಷೆ ಮಾಡುವ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗುತ್ತೇವೆ. ಅವರು ಬಂದು ನೋಡುವ ತನಕ ಅಡ್ವಾನ್ಸ್ ಇಲ್ಲ ಎಂದು ಮಾಲೀಕರಿಗೂ ಹೇಳಿದ್ದೇವೆ, ಅವರು ಒಪ್ಪಿದ್ದಾರೆ.