ಒಂದು ಸಾಲು ಟೈಲ್ಸ್ ಕಿತ್ತ ಮೇಲೆ

ಮೈಸೂರಿಂದ ಅಮ್ಮ ಬಂದು ಒಂದು ತಿಂಗಳಾಯ್ತು. ಮೊದಲ ವಾರ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಊರಿನ ನಮ್ ಬೀದೀಲಿ ಗೋಡೆಗೆ ಅಂಟ್ಕೊಂಡೇ ನಡೀತಿದ್ರು, ಹಿಂದೆ ಏನಾದ್ರೂ ಸದ್ದಾದ್ರೆ ಸಾಕು ನನ್ ಕೈ ಎಳ್ಕೊಳ್ಳೋರು. ಈಗ ನಡುರಸ್ತೇಲಿ ನಿಂತು ಪಕ್ಕದ್ಮನೆ ಮಗೂಗೆ ಚೆಂಡು ಎಸೀತಾರೆ.

ನಮ್ ಬೀದಿಗೆ ಫುಟ್‌ಪಾತೇ ಇಲ್ಲ. ಇಂಥದ್ದಕ್ಕೆ ಇಲ್ಲಿ ವೋನ್‌ಎರ್ಫ್ ಅಂತಾರೆ, ರಸ್ತೆ ಪೂರ್ತಿ ನಡೆಯೋರದ್ದು, ಮಕ್ಕಳು ಆಡಬಹುದು, ಕಾರು ಗಂಟೆಗೆ 15 ಕಿಲೋಮೀಟರ್ ದಾಟೋ ಹಾಗಿಲ್ಲ, ನಿಲ್ಲಿಸೋದೂ ಗುರುತು ಹಾಕಿರೋ ಜಾಗದಲ್ಲಿ ಮಾತ್ರ. ಬರೀ ಬೋರ್ಡ್ ಹಾಕಿದ್ರೆ ಯಾರ್ ಕೇಳ್ತಾರೆ, ಅದಕ್ಕೇ ರಸ್ತೇನೇ ಅಂಕುಡೊಂಕು ಮಾಡಿ ನಡುವೆ ಮರ, ಬೆಂಚು ಇಟ್ಟಿದಾರೆ, ಜೋರಾಗಿ ಓಡಿಸ್ಬೇಕು ಅಂದ್ರೂ ಆಗಲ್ಲ. ಇದು ಹುಟ್ಟಿದ್ದೇ ಈ ಊರಲ್ಲಿ, 1960ರ ದಶಕದ ಕೊನೇಲಿ. 1971ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ಜೀವ ಕಳ್ಕೊಂಡ್ರಂತೆ, ಅಪ್ಪ ಅಮ್ಮಂದಿರು ಬೀದಿಗಿಳಿದು ಹೋರಾಡಿದ್ರು. 1976ರಲ್ಲಿ ವೋನ್‌ಎರ್ಫ್‌ಗೆ ಕಾನೂನೇ ಬಂತು. ಆ ಸಂಖ್ಯೆ ಓದಿದ್ಮೇಲೆ ಕೆಳಗೆ ಆಡ್ತಿರೋ ಮಕ್ಕಳ ಗಲಾಟೆ ನಂಗೆ ಯಾವತ್ತೂ ಕಿರಿಕಿರಿ ಅನ್ಸಿಲ್ಲ.

ಇಲ್ಲಿ ಮನೆ ಹೊರಗೆ ಗೋಡೆಗೆ ತಾಗಿರೋ ನೆಲದ ಟೈಲ್ಸ್ ಒಂದು ಸಾಲು ಎಬ್ಬಿಸಿ ಗಿಡ ಹಾಕೋಕೆ ಬಿಡ್ತಾರೆ. ಮಳೆನೀರು ಚರಂಡಿಗೆ ಓಡೋ ಬದಲು ಅಲ್ಲೇ ಇಂಗುತ್ತೆ, ಬೇಸಿಗೇಲಿ ಗೋಡೆ ಅಷ್ಟು ಕಾಯಲ್ಲ. ಯಾರು ಜಾಸ್ತಿ ಕೀಳ್ತಾರೆ ಅಂತ 2020ರಲ್ಲಿ ಆಮ್‌ಸ್ಟರ್‌ಡಾಮ್‌ಗೂ ರಾಟರ್‌ಡಾಮ್‌ಗೂ ಪಂದ್ಯಾನೇ ನಡೀತು, ಆಮೇಲೆ ಬೇರೆ ಊರುಗಳೂ ಸೇರ್ಕೊಂಡ್ವು.

ಹೋದ ಶನಿವಾರ ನಾವೂ ಕಿತ್ವಿ. ಒಂದಡಿ ಅಗಲದ ಬೂದು ಕಾಂಕ್ರೀಟ್ ಹಲಗೆ, ಸ್ಕ್ರೂಡ್ರೈವರ್ ತೂರ್ಸಿ ಮೀಟಿದ್ರೆ ಒಂದು ಮೂಲೆ ಮೇಲೆ ಬಂತು, ಕೆಳಗೆ ಒದ್ದೆ ಮರಳು, ಸಾಲುಗಟ್ಟಿ ಇರುವೆ, ಬಿಳೀ ದಾರದಂಥ ಬೇರು. ಮರಳು ತೆಗೆದು ಗೊಬ್ಬರದ ಮಣ್ಣು ತುಂಬಿ ಹಾಲಿಹಾಕ್ ಸಸಿ ನೆಟ್ವಿ. ಎದುರುಮನೆ ಮುಂದೆ ಅರಳಿದ್ದ ಅದೇ ಹೂವನ್ನ ಅಮ್ಮ ಬಗ್ಗಿ ನೋಡಿ, "ಇದು ನಮ್ ದಾಸವಾಳದ ಜಾತೀದೇ ಕಣೇ, ಆ ನಡುವಿನ ಕೇಸರ ನೋಡು" ಅಂದ್ರು. ನಿಜ, ಎರಡೂ ಒಂದೇ ಕುಟುಂಬದ್ದು.

ಮೈಸೂರಲ್ಲಿ ನಮ್ಮನೆ ಮುಂದಿನ ಹೊಂಗೆ ಮರಕ್ಕೆ ರಸ್ತೆ ಕೆಲಸದವರು ಬುಡದ ತನಕ ಸಿಮೆಂಟ್ ಮೆತ್ತಿ ಹೋಗಿ ಎರಡು ವರ್ಷ ಆಯ್ತು, ಈ ಸಲ ಚಿಗುರು ತೀರಾ ಕಮ್ಮಿ. ಅವತ್ತು ರಾತ್ರಿ ಅಮ್ಮ ಕೈಯುಗುರಲ್ಲಿ ಮಣ್ಣು ಹಾಗೇ ಇಟ್ಕೊಂಡು ಅಪ್ಪಂಗೆ ಫೋನ್ ಮಾಡಿದ್ರು. "ರೀ, ಗಾರೆಯವನ್ನ ಕರೆದು ಮರದ ಸುತ್ತ ಸಿಮೆಂಟ್ ಒಡೆಸ್ರೀ, ಒಂದು ಮೊಳ ಬಿಡ್ಸಿ ಸಾಕು. ಬೇರಿಗೆ ಏಟಾಗ್ದೇ ಇರ್ಲಿ, ನೀವೇ ಪಕ್ಕದಲ್ಲಿ ನಿಂತ್ಕೊಳಿ."